ಮನೆಯ ಹಾಡು, ಹೊರಗಿನ ಕಿವಿ

ನಮ್ಮ ಊರಿನಲ್ಲಿ ಆರು ಮಂದಿಯ ಒಂದು ಹವ್ಯಾಸಿ ಗಾಯನ ತಂಡವಿದೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ರಾಯರೊಬ್ಬರು ಹಾರ್ಮೋನಿಯಂ ನುಡಿಸುತ್ತಾರೆ. ಔಷಧದ ಅಂಗಡಿಯ ಮಾಲೀಕರದು ತಬಲ. ಪ್ರೌಢಶಾಲೆಯ ಅಧ್ಯಾಪಿಕೆಯೊಬ್ಬರು ಹಾಡುತ್ತಾರೆ. ಮನೆಯಿಂದಲೇ ಕಂಪ್ಯೂಟರ್ ಕಂಪನಿಯ ಕೆಲಸ ಮಾಡುವ ಇಬ್ಬರು ತರುಣರು ಗಿಟಾರ್ ಮತ್ತು ಕೀಬೋರ್ಡುಗಳನ್ನು ನೋಡಿಕೊಳ್ಳುತ್ತಾರೆ. ಆರನೆಯವರದು ಕೊಳಲು, ಊರಿನಲ್ಲಿ ಮದುವೆ, ಮುಂಜಿ, ಜಾತ್ರೆ ಯಾವುದೂ ಇಲ್ಲದ ದಿನ ಅವರು ಬರುತ್ತಾರೆ. ಭಾನುವಾರದ ಸಂಜೆ ಔಷಧದ ಅಂಗಡಿಯವರ ಮಹಡಿಯ ಕೋಣೆಯಲ್ಲಿ ಸೇರಿ ಭಾವಗೀತೆಗಳನ್ನು ಹಾಡುವುದು ಹದಿನಾಲ್ಕು ವರ್ಷಗಳಿಂದ ನಡೆದುಬಂದಿರುವ ಪದ್ಧತಿ. ನನಗೆ ಹಾಡಲು ಬಾರದು. ಪದಗಳ ಉಚ್ಚಾರಣೆಯನ್ನು ತಿದ್ದುವ ನೆಪದಲ್ಲಿ ಅಲ್ಲಿ ಕುಳಿತು ಕಾಫಿ ಕುಡಿಯುವ ಅಧಿಕಾರವನ್ನು ಮಾತ್ರ ಸಂಪಾದಿಸಿಕೊಂಡಿದ್ದೇನೆ.

ಒಂದು ಸಂಜೆ ರಾಯರು ಹಾರ್ಮೋನಿಯಂ ಮುಚ್ಚಿ, ತಮ್ಮ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು. "ಇನ್ನೊಂದು ವರ್ಷ ನುಡಿಸಿಯೇನು, ಅಷ್ಟೆ. ಅಷ್ಟರಲ್ಲಿ ಒಂದೆಂಟು ಹಾಡನ್ನು ಹಿಡಿದಿಟ್ಟುಬಿಡೋಣ" ಎಂದರು. ಹೀಗೆ ಆರಂಭವಾಯಿತು ಆ ಧ್ವನಿಮುದ್ರಣ. ಕವಿತೆಗಳನ್ನು ಬಳಸಿಕೊಳ್ಳಲು ಕವಿಗಳ ಮನೆಯವರಿಂದ ಅನುಮತಿಪತ್ರ ತರುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆಂಬುದನ್ನು ಹವ್ಯಾಸಿಗಳು ಮರೆಯುವುದೇ ಹೆಚ್ಚು. ತರುಣರು ಎರಡು ಮೈಕುಗಳನ್ನೂ ಅವುಗಳನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಪುಟ್ಟ ಪೆಟ್ಟಿಗೆಯನ್ನೂ ಕೊಂಡು ತಂದರು. ಕಿಟಕಿಗಳಿಗೆ ಕಂಬಳಿ ಹೊದಿಸಿ, ಫ್ಯಾನ್ ನಿಲ್ಲಿಸಿ, ಬೆವರಿಳಿಸುತ್ತ ಎಂಟು ಹಾಡುಗಳನ್ನು ಮುದ್ರಿಸಿದ್ದು ಎರಡು ತಿಂಗಳ ಕೆಲಸ. ಆಮೇಲೆ ಅವನ್ನು ತಾವೇ ಹದಗೊಳಿಸಲು ಹೊರಟರು. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಆದರೂ ಹದ ಬರಲಿಲ್ಲ.

ಇಂದು ನಾನು ಹೇಳಬೇಕೆಂದಿರುವುದು ಈ ಹದದ ವಿಷಯ. ಇಂಗ್ಲಿಷಿನಲ್ಲಿ ಇದರ ಎರಡು ಹಂತಗಳಿಗೆ ಮಿಕ್ಸಿಂಗ್, ಮಾಸ್ಟರಿಂಗ್ ಎಂದು ಹೆಸರು. ಮೊದಲನೆಯದನ್ನು ಮಿಶ್ರಣವೆಂದು ಕರೆಯಬಹುದು. ಎರಡನೆಯದಕ್ಕೆ ಒಪ್ಪುವ ಕನ್ನಡ ಪದ ನನಗೆ ಹೊಳೆದಿಲ್ಲವಾದ್ದರಿಂದ ಇದ್ದ ಹಾಗೆಯೇ ಬಳಸುತ್ತೇನೆ. ಕೇಳುವವರಿಗೆ ಹಾಡುವವರು ಗೊತ್ತು, ನುಡಿಸುವವರು ಗೊತ್ತು, ರಾಗ ಹಾಕಿದವರೂ ಗೊತ್ತು. ಇವರೆಲ್ಲರ ಶ್ರಮ ನಮ್ಮ ಕಿವಿಗೆ ಬರುವ ಮುನ್ನ ಇನ್ನಿಬ್ಬರ ಕೈ ದಾಟಿ ಬರುತ್ತದೆಂಬುದು ಅನೇಕರಿಗೆ ತಿಳಿಯದು.

ಈ ಕೆಲಸ ಹುಟ್ಟಿದ್ದಾದರೂ ಹೇಗೆ? 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನರ ಹಾಡುಗಳನ್ನು ಮುದ್ರಿಸಿಕೊಂಡನು. ಆಗ ಮೈಕು ಇರಲಿಲ್ಲ. ಒಂದು ದೊಡ್ಡ ತುತ್ತೂರಿ. ಗಾಯಕಿ ಅದರ ಬಾಯಿಗೆ ತನ್ನ ಬಾಯನ್ನು ಒಡ್ಡಿ ಮೂರು ನಿಮಿಷದೊಳಗೆ ಹಾಡು ಮುಗಿಸಿ, ತಟ್ಟೆಯ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಮುಂದೆ ಇದೇ ಗೌಹರ್ ಜಾನ್ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದರೆಂಬುದನ್ನು ಇಲ್ಲಿ ನೆನೆಯದೆ ಇರಲಾರೆ. ಆ ತುತ್ತೂರಿಯ ಕಾಲದಲ್ಲಿ ಮಿಶ್ರಣವೆಂದರೆ ನಿಲ್ಲುವ ಜಾಗ. ದೊಡ್ಡ ದನಿಯ ವಾದ್ಯವನ್ನು ದೂರ ಕೂರಿಸುವುದು, ಸಣ್ಣ ದನಿಯದನ್ನು ಹತ್ತಿರಕ್ಕೆ ತರುವುದು. ಒಮ್ಮೆ ಮೇಣಕ್ಕೆ ಇಳಿದ ಮೇಲೆ ತಿದ್ದುವ ಪ್ರಶ್ನೆಯೇ ಇಲ್ಲ. 1925ರಿಂದ ವಿದ್ಯುತ್ತಿನ ಮೈಕುಗಳು ಬಂದವು. ಆಗಲೂ ಎಲ್ಲರೂ ಒಟ್ಟಿಗೆ ಹಾಡಬೇಕು, ಒಟ್ಟಿಗೆ ನುಡಿಸಬೇಕು.

ಬೇರೆ ಬೇರೆ ದನಿಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಮುದ್ರಿಸಿ ಆಮೇಲೆ ಕೂಡಿಸುವ ಉಪಾಯವನ್ನು ಹುಚ್ಚಿನಂತೆ ಹಿಡಿದವನು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್. ಆಂಪೆಕ್ಸ್ ಕಂಪನಿ ಅವನಿಗಾಗಿ ಎಂಟು ಪಟ್ಟಿಗಳ ಟೇಪ್ ಯಂತ್ರವನ್ನು ಮಾಡಿಕೊಟ್ಟದ್ದು 1957ರಲ್ಲಿ. ಆದರೆ ಆ ಬಗೆಯ ಯಂತ್ರ ಎಲ್ಲೆಡೆ ಹಬ್ಬಲು ಇನ್ನೂ ಹತ್ತು ವರ್ಷ ಬೇಕಾಯಿತು. 1967ರಲ್ಲಿ ಬೀಟಲ್ಸ್ ತಂಡದವರು ಲಂಡನ್ನಿನಲ್ಲಿ ತಯಾರಿಸಿದ 'ಸಾರ್ಜೆಂಟ್ ಪೆಪ್ಪರ್' ನಾಲ್ಕೇ ಪಟ್ಟಿಗಳ ಯಂತ್ರಗಳ ಮೇಲೆ ಮೂಡಿದ್ದು. ಆ ನಾಲ್ವರು ಮೋನೊ ಮಿಶ್ರಣದ ಹೊತ್ತಿಗೆ ತಾವೇ ಪಕ್ಕದಲ್ಲಿ ಕುಳಿತಿದ್ದರು. ಸ್ಟೀರಿಯೊ ಮಿಶ್ರಣವನ್ನು ಮಾತ್ರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಧ್ವನಿತಜ್ಞ ಜೆಫ್ ಎಮೆರಿಕ್ ಮೊದಲಾದವರ ಕೈಗೆ ಬಿಟ್ಟು ಹೋದರು. ಇಂದು ಜಗತ್ತಿನ ಬಹುಪಾಲು ಜನ ಕೇಳಿರುವುದು, ಹಾಡಿದವರು ಎದುರಿಗಿಲ್ಲದಾಗ ಆದ ಆ ಮಿಶ್ರಣವನ್ನೇ.

ಇಂದು ನಾಲ್ಕಲ್ಲ, ನಲವತ್ತಲ್ಲ, ನಾನೂರು ಪಟ್ಟಿಗಳೂ ಒಂದು ಸಾಧಾರಣ ಕಂಪ್ಯೂಟರಿನೊಳಗೆ ಹಿಡಿಸುತ್ತವೆ. ನಮ್ಮ ಮಹಡಿಯ ಕೋಣೆಯ ಒಂದೊಂದು ಹಾಡಿಗೂ ಹದಿನೆಂಟು, ಇಪ್ಪತ್ತು ಪಟ್ಟಿಗಳಿದ್ದವು. ಕಷ್ಟ ಹುಟ್ಟಿದ್ದೇ ಅಲ್ಲಿಂದ. ಪ್ರತಿ ಭಾನುವಾರ ತರುಣರು ತಮ್ಮ ಹೊಸ ಮಿಶ್ರಣವನ್ನು ಕೇಳಿಸುತ್ತಿದ್ದರು. ತಬಲದವರಿಗೆ ತಬಲ ಕೇಳಿಸುತ್ತಿರಲಿಲ್ಲ. ಅದನ್ನು ಏರಿಸಿದರೆ ಅಧ್ಯಾಪಿಕೆಯವರ ದನಿ ಹಿಂದಕ್ಕೆ ಸರಿಯುತ್ತಿತ್ತು. ದನಿ ಏರಿಸಿದರೆ ಗಿಟಾರ್ ಸತ್ತಿತು ಎಂದು ಗಿಟಾರಿನವನ ಕೊರಗು. ರಾಯರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ಅವರ ಮುಖ ನೋಡಿ ಯಾರಾದರೊಬ್ಬರು ಹಾರ್ಮೋನಿಯಮ್ಮನ್ನೂ ಒಂದಿಷ್ಟು ಏರಿಸುತ್ತಿದ್ದರು. ಹೀಗೆ ಎಲ್ಲವೂ ಏರಿ ಏರಿ, ಕೊನೆಗೆ ಎಲ್ಲವೂ ಕೇಳುವ, ಯಾವುದೂ ಮುಟ್ಟದ ಒಂದು ಸಂತೆಯ ಸದ್ದಾಯಿತು.

ಇದಕ್ಕೆ ಅಹಂಕಾರವೊಂದೇ ಕಾರಣವೆಂದು ಭಾವಿಸಬಾರದು. ಪುಸ್ತಕ ಬರೆದವರಿಗೆಲ್ಲ ಇದರ ಅನುಭವ ಉಂಟು. ತನ್ನ ಪುಸ್ತಕದ ಕರಡನ್ನು ತಾನೇ ತಿದ್ದುವವನು ಅಚ್ಚಿನಲ್ಲಿರುವುದನ್ನು ಓದುವುದಿಲ್ಲ. ತಾನು ಬರೆಯಬೇಕೆಂದುಕೊಂಡಿದ್ದನ್ನು ಓದುತ್ತಾನೆ. ನನ್ನ ಮೊದಲ ವಿಮರ್ಶಾಸಂಕಲನದ ಮುಖಪುಟದಲ್ಲಿಯೇ 'ವಿಮರ್ಶೆ' ಎಂಬ ಪದದ ಅರ್ಕಾವೊತ್ತು ಮಾಯವಾಗಿತ್ತು. ನಾಲ್ಕು ಸಲ ಕರಡು ನೋಡಿದವನು ನಾನೇ. ಹಾಡಿನಲ್ಲಿಯೂ ಹಾಗೆಯೇ. ಇನ್ನೂರು ಸಲ ಕೇಳಿದವನ ಕಿವಿಗೆ ಪದಗಳು ಸ್ಪಷ್ಟವಾಗಿಯೇ ಕೇಳುತ್ತವೆ. ಏಕೆಂದರೆ ಅವನಿಗೆ ಪದಗಳು ಬಾಯಿಪಾಠ. ಮೊದಲ ಸಲ ಕೇಳುವವನಿಗೆ ಆ ಪದ ಮುಟ್ಟುತ್ತದೆಯೋ ಇಲ್ಲವೋ ಎಂಬುದನ್ನು ಅವನು ಯಾವ ಯಂತ್ರದಿಂದಲೂ ತಿಳಿಯಲಾರ. ಹೊರಗಿನವರಿಗೆ ಹಣ ಕೊಟ್ಟು ಈ ಕೆಲಸ ಒಪ್ಪಿಸುವುದಕ್ಕೆ ಮುಖ್ಯ ಕಾರಣ ಇದು. ಅವರ ಬಳಿ ಇರುವ ಬೆಲೆಬಾಳುವ ಸಲಕರಣೆಗಳದು ಎರಡನೆಯ ಮಾತು.

ಎರಡನೆಯ ಮಾತೆಂದೆ, ಅದೂ ಸಣ್ಣದಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಸ್ವರಗಳನ್ನು ಕೇಳಬಲ್ಲದು. ಆದರೆ ಎಲ್ಲವನ್ನೂ ಒಂದೇ ಸಮನಾಗಿ ಕೇಳುವುದಿಲ್ಲ. ಸದ್ದು ಕಡಮೆಯಾದಷ್ಟೂ ಕೆಳಗಿನ ಸ್ವರಗಳಿಗೆ ಕಿವಿ ಹೆಚ್ಚು ಮಂದವಾಗುತ್ತದೆ. ಇದನ್ನು 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಅಳೆದು ನಕ್ಷೆ ಬರೆದು ತೋರಿಸಿದರು. ಕೀಬೋರ್ಡಿನ ತರುಣನಿಗೆ ಮನೆಯಲ್ಲಿ ಹಸುಗೂಸು. ಮಗು ಮಲಗಿದ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ, ಸದ್ದು ತೀರ ತಗ್ಗಿಸಿಕೊಂಡು ಅವನು ಮಿಶ್ರಣ ಮಾಡುತ್ತಿದ್ದ. ತಬಲದ ಎಡ ಅವನಿಗೆ ಸಾಕಷ್ಟು ಕೇಳುತ್ತಿರಲಿಲ್ಲ, ಏರಿಸುತ್ತಿದ್ದ. ಅದನ್ನೇ ಹಗಲು ಕಾರಿನಲ್ಲಿ ಸದ್ದು ಹೆಚ್ಚಿಸಿ ಹಾಕಿದರೆ ಬಾಗಿಲು ಗಡಗಡ ನಡುಗುತ್ತಿತ್ತು. ಕಾರು ಸರಿಯಿಲ್ಲವೆಂದು ಎರಡು ವಾರ ವಾದ ನಡೆಯಿತು. ಇನ್ನು ಕೋಣೆಯ ನಾಲ್ಕು ಗೋಡೆಗಳು ಕೆಲವು ಸ್ವರಗಳನ್ನು ಉಬ್ಬಿಸಿ, ಕೆಲವನ್ನು ನುಂಗಿ ಸುಳ್ಳು ಹೇಳುತ್ತವೆ. ವೃತ್ತಿಯವರು ದುಡ್ಡು ಸುರಿಯುವುದು ಗುಂಡಿಗಳುಳ್ಳ ಯಂತ್ರಕ್ಕಿಂತ ಹೆಚ್ಚಾಗಿ ಈ ಗೋಡೆಗಳ ಮೇಲೆ, ಸದ್ದನ್ನು ಹೀರುವ ಹಲಗೆಗಳ ಮೇಲೆ, ಹೊಗಳದೆ ಇದ್ದುದನ್ನು ಇದ್ದಂತೆ ಹೇಳುವ ಸ್ಪೀಕರುಗಳ ಮೇಲೆ.

ಮಿಶ್ರಣ ಮಾಡುವವನು ಏನು ಮಾಡುತ್ತಾನೆ? ಯಾವ ದನಿ ಎಷ್ಟು ಎಂದು ಗೊತ್ತುಮಾಡುತ್ತಾನೆ. ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದು ನಟ್ಟನಡುವೆ ಎಂದು ಕೂರಿಸುತ್ತಾನೆ. ಬರಿಯ ಕೋಣೆಯಲ್ಲಿ ಹಾಡಿದ್ದಕ್ಕೆ ಗುಡಿಯ ಪ್ರಾಕಾರದ ಅನುರಣನವನ್ನೋ ಸಣ್ಣ ಸಭಾಂಗಣದ ಅನುರಣನವನ್ನೋ ಬೇಕಾದಷ್ಟು ಬೆರೆಸುತ್ತಾನೆ. ಇವು ಹೇಳಿದರೆ ಅರ್ಥವಾಗುವಂಥವು. ಕಂಪ್ರೆಸರ್ ಎಂಬ ಇನ್ನೊಂದು ಸಾಧನವುಂಟು. ತರಗತಿಯಲ್ಲಿ ಮೆಲ್ಲಗೆ ಓದುವ ಹುಡುಗನಿಗೆ ಗಟ್ಟಿಯಾಗಿ ಓದೆಂದು, ಅರಚುವವನಿಗೆ ಮೆಲ್ಲಗೆ ಎಂದು ಹೇಳುವ ಮೇಷ್ಟ್ರ ಕೆಲಸ ಅದರದು. ಸಾಲಿನ ಕೊನೆಯಲ್ಲಿ ಇಳಿಯುವ ದನಿಯೂ ಕೇಳಬೇಕು, ತಾರಸ್ಥಾಯಿಯ ದನಿ ಕಿವಿಗೆ ಬಡಿಯಬಾರದು. ಮಿತಿಮೀರಿದರೆ ಎಲ್ಲ ಹುಡುಗರೂ ಒಂದೇ ದನಿಯಲ್ಲಿ ಮಗ್ಗಿ ಒಪ್ಪಿಸಿದಂತೆ ಹಾಡಿನ ಉಸಿರೇ ನಿಲ್ಲುತ್ತದೆ.

ಆದರೆ ಈ ವಿದ್ಯೆಯ ತಿರುಳಿರುವುದು ಈಕ್ವಲೈಸರ್ ಎಂಬ ಸಾಧನದಲ್ಲಿ; ನಮ್ಮ ತಂಡ ಎಡವಿದ್ದೂ ಅಲ್ಲಿಯೇ. ಒಂದೊಂದು ವಾದ್ಯದ ದನಿಯೂ ಒಂದು ಕಂಪನದ್ದಲ್ಲ. ಮೂಲಸ್ವರದ ಮೇಲೆ ಅದರ ಇಮ್ಮಡಿ, ಮುಮ್ಮಡಿ ಸ್ವರಗಳು ಗೋಪುರದಂತೆ ಏರಿ ನಿಂತಿರುತ್ತವೆ. ಹಾರ್ಮೋನಿಯಂ ಅಂತಹ ಸ್ವರಗಳಿಂದ ಕಿಕ್ಕಿರಿದ ವಾದ್ಯ. ಅದರ ಜೊತೆಗೆ ಕೀಬೋರ್ಡಿನ ಪಿಟೀಲುಗಳು, ಗಿಟಾರ್, ಹೆಂಗಸಿನ ಕಂಠ: ಇವೆಲ್ಲವೂ ಸುಮಾರು 200ರಿಂದ 2,000 ಕಂಪನಗಳ ನಡುವಣ ಒಂದೇ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತಿರುತ್ತವೆ. ಇಲ್ಲಿ ಒಂದನ್ನು ಕೇಳಿಸಬೇಕಾದರೆ ಅದನ್ನು ಏರಿಸುವುದು ದಾರಿಯಲ್ಲ. ಅದರ ದಾರಿಗೆ ಅಡ್ಡ ಕುಳಿತ ಮತ್ತೊಂದರಿಂದ ಅಷ್ಟು ಭಾಗವನ್ನು ಕಡಿಯುವುದು ದಾರಿ. ಕಡಿದ ವಾದ್ಯವನ್ನು ಒಂಟಿಯಾಗಿ ಕೇಳಿದರೆ ಬಡವಾಗಿ, ಮೂಗಿನಲ್ಲಿ ಮಾತಾಡಿದಂತೆ ಇರುತ್ತದೆ. ತನ್ನ ವಾದ್ಯವನ್ನು ಹೀಗೆ ಬಡವಾಗಿಸಲು ನುಡಿಸಿದವನಿಗೆ ಮನಸ್ಸು ಬಾರದು. ಎಲ್ಲವನ್ನೂ ಒಟ್ಟಿಗೆ ಕೇಳುವ ಹೊರಗಿನವನಿಗೆ ಆ ಸಂಕಟವಿಲ್ಲ.

ಇನ್ನು ಮಾಸ್ಟರಿಂಗ್. ಹಾಡು ಹಾಡಾಗಿ ಮಿಶ್ರಣ ಮುಗಿದ ಮೇಲೆ ಎಂಟು ಹಾಡುಗಳನ್ನೂ ಒಂದು ಕೃತಿಯನ್ನಾಗಿ ನೋಡುವ ಕೆಲಸ ಇದು. ಒಂದು ಹಾಡಿಗೂ ಇನ್ನೊಂದಕ್ಕೂ ಸದ್ದು ಏರುಪೇರಾಗದಂತೆ, ಬಣ್ಣ ಕೆಡದಂತೆ ಸರಿದೂಗಿಸಿ, ಅನುಕ್ರಮವನ್ನೂ ನಡುವಣ ಮೌನವನ್ನೂ ನಿಶ್ಚಯಿಸಿ, ಪ್ರತಿ ತೆಗೆಯುವ ಮೂಲಪ್ರತಿಯನ್ನು ಸಿದ್ಧಪಡಿಸಬೇಕು. ಈ ಕೆಲಸ ಹುಟ್ಟಿದ್ದು ಗ್ರಾಮಫೋನ್ ತಟ್ಟೆಯನ್ನು ಕೊರೆಯುವ ಯಂತ್ರದ ಬಳಿ. ಮಂದ್ರದ ಸದ್ದು ಹೆಚ್ಚಾದರೆ ತಟ್ಟೆಯ ಗೀರು ಅಗಲವಾಗಿ ಜಾಗ ತಿನ್ನುತ್ತದೆ. ಇನ್ನೂ ಹೆಚ್ಚಾದರೆ ಮುಳ್ಳು ಗೀರಿನಿಂದ ಎಗರಿ ಬೀಳುತ್ತದೆ. ಟೇಪಿನಲ್ಲಿ ಸುಖವಾಗಿದ್ದ ಹಾಡನ್ನು ಗೀರು ತಾಳುವಂತೆ ತಿದ್ದಿ ಕೊರೆಯುವವನೊಬ್ಬ ಬೇಕಾದ. ಅವನೇ ಇಂದಿನ ಮಾಸ್ಟರಿಂಗ್ ತಜ್ಞನ ಪೂರ್ವಜ.

ಮನೆಯಲ್ಲಿ ಮುದ್ರಿಸಿದ್ದು ಈ ಬಾಗಿಲಲ್ಲಿ ಹೇಗೆ ಮುಗ್ಗರಿಸಬಲ್ಲದೆಂಬುದಕ್ಕೆ ಒಂದು ಪ್ರಸಿದ್ಧ ದೃಷ್ಟಾಂತವಿದೆ. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಅಮೆರಿಕದ ಗಾಯಕ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿದ್ದ ತನ್ನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಸಾಧಾರಣ ಕ್ಯಾಸೆಟ್ಟಿನ ಮೇಲೆ ನಾಲ್ಕು ಪಟ್ಟಿ ಮುದ್ರಿಸುವ ಒಂದು ಪುಟ್ಟ ಟ್ಯಾಸ್ಕಾಂ ಯಂತ್ರ, ಎರಡು ಮೈಕುಗಳನ್ನಿಟ್ಟುಕೊಂಡು ಕೆಲವು ಹಾಡುಗಳನ್ನು ಮುದ್ರಿಸಿಕೊಂಡ. ತಂಡದವರಿಗೆ ಕಲಿಸಲು ಮಾದರಿ ಇರಲೆಂಬುದಷ್ಟೇ ಉದ್ದೇಶ. ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ತಿರುಗಾಡಿದ. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ತಂಡದೊಡನೆ ಅದನ್ನೇ ಹಾಡಿ ನೋಡಿದರೆ, ಜೇಬಿನ ಕ್ಯಾಸೆಟ್ಟಿನಲ್ಲಿದ್ದ ಏನೋ ಒಂದು ಅಲ್ಲಿ ಸಿಗಲಿಲ್ಲ. ಕೊನೆಗೆ ಆ ಕ್ಯಾಸೆಟ್ಟನ್ನೇ ಹೊರತರುವುದೆಂದು ನಿಶ್ಚಯವಾಯಿತು. ನಿಜವಾದ ಕಷ್ಟ ಮೊದಲಾದದ್ದು ಆಗ. ಅದನ್ನು ತಟ್ಟೆಗೆ ಇಳಿಸಹೋದರೆ ಮುಳ್ಳು ಗೀರಿನಲ್ಲಿ ನಿಲ್ಲಲೊಲ್ಲದು. ಒಬ್ಬರಾದ ಮೇಲೊಬ್ಬರು ತಜ್ಞರು ಪ್ರಯತ್ನಿಸಿ, ಕಡೆಗೆ ಸದ್ದನ್ನು ಬಹಳ ತಗ್ಗಿಸಿ ಕೊರೆದಾಗ ನಿಂತಿತು. 'ನೆಬ್ರಾಸ್ಕಾ' ಎಂಬ ಹೆಸರಿನಿಂದ ಅದು ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂತು. ಮಲಗುವ ಕೋಣೆಯ ಹಾಡು ಹಾಗೆಯೇ ಉಳಿದು ಜನರನ್ನು ಮುಟ್ಟಿದ್ದು, ಅದನ್ನು ಅಂದಗೊಳಿಸಲು ಹೋಗದೆ ಗೀರಿಗೆ ಹೊಂದಿಸಿದ ತಜ್ಞರ ಶ್ರಮದಿಂದ.

ಇಂದು ತಟ್ಟೆಯ ಕಷ್ಟ ಬಹುಪಾಲು ಇಲ್ಲ. ಅದರ ಬದಲು ಬೇರೊಂದು ರೋಗ ಬಂದಿತ್ತು. ನನ್ನ ಹಾಡು ಪಕ್ಕದವನ ಹಾಡಿಗಿಂತ ಜೋರಾಗಿರಬೇಕೆಂಬ ಪೈಪೋಟಿ. ಸಿ.ಡಿ. ಬಂದ ಮೇಲೆ ಇದು ಮಿತಿಮೀರಿತು. 2008ರಲ್ಲಿ ಮೆಟಾಲಿಕಾ ಎಂಬ ತಂಡದ 'ಡೆತ್ ಮ್ಯಾಗ್ನೆಟಿಕ್' ಹೊರಬಂದಾಗ ಸದ್ದು ಒಡೆದು ಕರ್ಕಶವಾಗಿದೆ, ಮತ್ತೆ ಮಿಶ್ರಣ ಮಾಡಿಸಿ ಎಂದು ಅವರ ಅಭಿಮಾನಿಗಳೇ ಸಹಿ ಸಂಗ್ರಹಿಸಿದರು. ಮಾಸ್ಟರಿಂಗ್ ಮಾಡಿದವರೋ, ತಮ್ಮ ಕೈಗೆ ಬರುವಾಗಲೇ ಅದು ಹಾಗಿತ್ತೆಂದರು. ಈಗ ಅಂತರಜಾಲದಲ್ಲಿ ಹಾಡು ಕೇಳಿಸುವ ಸಂಸ್ಥೆಗಳು ಎಲ್ಲ ಹಾಡುಗಳನ್ನೂ ಒಂದೇ ಅಳತೆಗೆ ತಂದು ಕೇಳಿಸುತ್ತವೆ. ಸ್ಪಾಟಿಫೈನ ಸಾಧಾರಣ ಅಳತೆ ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಮೈನಸ್ 14. ಅರಚಿ ಹಾಡಿದವನ ಸದ್ದನ್ನು ಅವರೇ ತಗ್ಗಿಸುತ್ತಾರೆ. ಅರಚುವುದಕ್ಕಾಗಿ ಕಳೆದುಕೊಂಡ ಏರಿಳಿತ ಮಾತ್ರ ಮರಳಿ ಬಾರದು. ಆದ್ದರಿಂದ ಹವ್ಯಾಸಿಗಳು ಮಾಸ್ಟರಿಂಗ್ ಮಾಡುವವರಿಗೆ "ಸಿನಿಮಾ ಹಾಡಿನಷ್ಟು ಜೋರಾಗಿ ಬರಲಿ" ಎಂದು ದುಂಬಾಲು ಬೀಳುವುದು ತಮ್ಮ ಹಣ ಕೊಟ್ಟು ತಮ್ಮ ಹಾಡನ್ನು ತುಳಿಸಿಕೊಂಡಂತೆ.

ಎಂಟು ತಿಂಗಳ ಕೊನೆಗೆ ನಮ್ಮವರು ಬೆಂಗಳೂರಿನ ಒಬ್ಬ ಧ್ವನಿತಜ್ಞರನ್ನು ಗೊತ್ತುಮಾಡಿದರು. ಹಾಡಿಗೆ ಇಷ್ಟು ಎಂದು ಲೆಕ್ಕ. ಅದರಲ್ಲಿ ಮೂರು ಸಲ ತಿದ್ದಿಕೊಡುವುದು ಸೇರಿದೆ, ನಾಲ್ಕನೆಯದಕ್ಕೆ ಬೇರೆ ಹಣ. ಇದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಇಲ್ಲವಾದರೆ ಸ್ನೇಹವೂ ಉಳಿಯುವುದಿಲ್ಲ, ಹಾಡೂ ಮುಗಿಯುವುದಿಲ್ಲ. ಆರು ಮಂದಿ ಹಂಚಿಕೊಂಡಾಗ ಒಬ್ಬೊಬ್ಬರ ಪಾಲಿಗೆ ಬಂದದ್ದು ಆ ಎರಡು ಮೈಕುಗಳ ಬೆಲೆಗಿಂತ ಕಡಮೆ. ಮಾಸ್ಟರಿಂಗ್ ಕೆಲಸವನ್ನು ಅವರೇ ಮಾಡುವೆನೆನ್ನಲಿಲ್ಲ. "ಮಿಶ್ರಣ ಮಾಡುವಷ್ಟರಲ್ಲಿ ನನ್ನ ಕಿವಿಯೂ ನಿಮ್ಮದರಂತೆ ಹಳತಾಗಿರುತ್ತದೆ, ಇನ್ನೊಬ್ಬರಿಗೆ ಕೊಡಿ" ಎಂದು ಪರಿಚಿತರೊಬ್ಬರ ಹೆಸರು ಹೇಳಿದರು. ಆ ಒಂದು ಮಾತಿನಿಂದ ನನಗೆ ಅವರಲ್ಲಿ ವಿಶ್ವಾಸ ಹುಟ್ಟಿತು.

ಅವರು ಮೊದಲು ಕೇಳಿದ್ದು ನಮ್ಮವರ ಮಿಶ್ರಣವನ್ನಲ್ಲ, ಹಸಿ ಪಟ್ಟಿಗಳನ್ನು. ಪ್ರತಿಯೊಂದು ಪಟ್ಟಿಯೂ ಹಾಡಿನ ಆರಂಭದ ಒಂದೇ ಬಿಂದುವಿನಿಂದ ಮೊದಲಾಗಿರಬೇಕು, ಇಲ್ಲವಾದರೆ ಜೋಡಿಸುವುದೇ ಒಂದು ವಾರದ ಕೆಲಸ. ತಾವು ಹಾಕಿದ ಅನುರಣನ ಮುಂತಾದ ಅಲಂಕಾರಗಳನ್ನೆಲ್ಲ ಬಿಚ್ಚಿರಬೇಕು. ಸದ್ದು ಎಲ್ಲಿಯೂ ಮೇಲ್ಮಿತಿಗೆ ತಾಗಿ ಒಡೆದಿರಬಾರದು. ಒಡೆದದ್ದನ್ನು ಮತ್ತೆ ಕೂಡಿಸಿಕೊಡುವ ವೈದ್ಯ ಇಲ್ಲ. 24 ಬಿಟ್ಟಿನ ವೇವ್ ಕಡತಗಳಾಗಿರಬೇಕು, ಒಂದೊಂದಕ್ಕೂ ವಾದ್ಯದ ಹೆಸರಿರಬೇಕು. ನಮ್ಮವರ ಕಡತಗಳಲ್ಲಿ 'ಹೊಸದು', 'ಹೊಸದು ಎರಡು', 'ಇದೇ ಕೊನೆ', 'ನಿಜವಾಗಿ ಇದೇ ಕೊನೆ' ಎಂಬ ಹೆಸರುಗಳಿದ್ದವು. ಅವನ್ನು ಬಿಡಿಸಲು ಒಂದು ಇಡೀ ಭಾನುವಾರ ಹಿಡಿಯಿತು.

ಹಸಿ ಪಟ್ಟಿಗಳನ್ನು ಕಳಿಸುವಾಗ ಇನ್ನೊಂದು ಎಡವಟ್ಟು ಹೊರಬಿತ್ತು. ಹೊರಗಿನ ಗಾಳಿಯ ಸದ್ದನ್ನು ತೆಗೆಯಲೆಂದು ತರುಣರು ಯಾವುದೋ ಸಾಧನವನ್ನು ಹಾಕಿ ಮೂಲವನ್ನೇ ಅದರ ಮೇಲೆ ಉಳಿಸಿಬಿಟ್ಟಿದ್ದರು. ಉಸಿರಿನಷ್ಟು ಸಣ್ಣದಾದದ್ದೆಲ್ಲ ಸದ್ದೆಂದು ತಿಳಿದು ಆ ಸಾಧನ ಗುಡಿಸಿಹಾಕಿತ್ತು. ನಮ್ಮ ಹಕಾರ ಉಸಿರಲ್ಲದೆ ಮತ್ತೇನು? ಒಂದು ಹಾಡಿನಲ್ಲಿ ಹಕ್ಕಿ ಅಕ್ಕಿಯಾಗಿತ್ತು. ಅದು ಹಾರದೆ ಆರುತ್ತಿತ್ತು. ಉಚ್ಚಾರಣೆಯ ಹೊಣೆ ಹೊತ್ತ ನಾನು ಇದನ್ನು ಎಂಟು ತಿಂಗಳು ಕೇಳಿಯೂ ಗಮನಿಸಿರಲಿಲ್ಲ, ನನಗೂ ಪದ ಬಾಯಿಪಾಠವಾಗಿತ್ತಲ್ಲ! ಅಧ್ಯಾಪಿಕೆಯವರು ಆ ಹಾಡನ್ನು ಮತ್ತೆ ಹಾಡಬೇಕಾಯಿತು.

ಕಡತಗಳ ಜೊತೆಗೆ ಒಂದು ಪತ್ರ ಬರೆಯಿರೆಂದು ನಾನು ಹೇಳಿದೆ. ಬರೆಯುವ ಕೆಲಸವೂ ನನಗೇ ಬಂತು. ಆ ತಜ್ಞರು ಚಲನಚಿತ್ರದ ಹಾಡುಗಳಲ್ಲಿ ನುರಿತವರು, ಕನ್ನಡ ಅವರ ಮನೆಮಾತಲ್ಲ. ಕುಣಿತದ ಹಾಡಿನಲ್ಲಿ ತಾಳ ಮುಂದು, ಮಾತು ಅದರ ಜೊತೆಗೆ ಓಡುತ್ತದೆ. ಭಾವಗೀತೆಯಲ್ಲಿ ಹಾಗಲ್ಲ. ಅಲ್ಲಿ ರಾಗ, ತಾಳ, ವಾದ್ಯ ಎಲ್ಲವೂ ಕವಿಯ ಮಾತನ್ನು ಹೊತ್ತು ತರುವ ಪಲ್ಲಕ್ಕಿ. ಇದನ್ನು ವಿವರಿಸಿ, ಮಾದರಿಗಾಗಿ ಮೂರು ಹಳೆಯ ಮುದ್ರಣಗಳನ್ನು ಕೇಳಿರೆಂದು ಕೋರಿದೆ. ಅವುಗಳಲ್ಲಿ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಹೊರಬಂದ ನಿಸಾರ್ ಅಹಮದರ 'ನಿತ್ಯೋತ್ಸವ' ಧ್ವನಿಸುರುಳಿಯೂ ಒಂದು. ಅಂದಿನ ಸಲಕರಣೆ ಇಂದಿನದರ ಮುಂದೆ ಬಡವಾದದ್ದಿರಬಹುದು. ಆದರೆ ಅದರಲ್ಲಿ ಒಂದು ಅಕ್ಷರವೂ ಕೇಳುಗನಿಗೆ ತಪ್ಪುವುದಿಲ್ಲ. ಪ್ರತಿ ಹಾಡಿನ ಪದ್ಯವನ್ನೂ ಅದರ ಅರ್ಥವನ್ನೂ ಇಂಗ್ಲಿಷಿನಲ್ಲಿ ಎರಡು ಸಾಲಿನಂತೆ ಬರೆದು, ಯಾವ ಪದದ ಮೇಲೆ ಹಾಡು ನಿಂತಿದೆಯೆಂದು ಕೆಳಗೆರೆ ಎಳೆದು ಕಳಿಸಿದೆ. "ಇಷ್ಟು ವರ್ಷಗಳಲ್ಲಿ ಇಂತಹ ಪತ್ರ ನನಗೆ ಬಂದಿರಲಿಲ್ಲ" ಎಂದು ಅವರು ಫೋನಿನಲ್ಲಿ ಹೇಳಿದರು. ಮೆಚ್ಚುಗೆಯೋ ಆಯಾಸವೋ ತಿಳಿಯಲಿಲ್ಲ.

ಮೂರು ವಾರಗಳ ಬಳಿಕ ಮೊದಲ ಮಿಶ್ರಣ ಬಂತು. ಎಲ್ಲರೂ ಮಹಡಿಯಲ್ಲಿ ಸೇರಿದೆವು. ಮೊದಲ ಹಾಡು ಆರಂಭವಾಗುತ್ತಲೇ ಯಾರೂ ಮಾತಾಡಲಿಲ್ಲ. ತಂಬೂರಿಯ ಶ್ರುತಿ ಕೋಣೆಯ ಎರಡೂ ಮೂಲೆಗಳಿಂದ ಬಂದು ನಡುವೆ ಅಧ್ಯಾಪಿಕೆಯವರು ಎದುರಿಗೇ ಕುಳಿತು ಹಾಡಿದಂತಿತ್ತು. ಎರಡನೆಯ ಹಾಡೂ ಹಾಗೆಯೇ. ಮೂರನೆಯ ಹಾಡಿನ ಚರಣಕ್ಕೆ ಬರುವಾಗ ಏನೋ ಇಲ್ಲವೆನಿಸಿತು. ಹಾರ್ಮೋನಿಯಂ ಇರಲಿಲ್ಲ. ಐದನೆಯ ಹಾಡಿನಲ್ಲಿಯೂ ಚರಣಗಳಲ್ಲಿ ಇರಲಿಲ್ಲ. ಗಿಟಾರಿನ ಹುಡುಗ ಕೆಂಪಾದ. "ಇದೆಲ್ಲ ಮಾಡಿದ್ದೇ ರಾಯರಿಗೋಸ್ಕರ. ಅವರನ್ನೇ ತೆಗೆದುಹಾಕುವುದೆಂದರೇನು? ಈಗಲೇ ಫೋನ್ ಮಾಡುತ್ತೇನೆ" ಎಂದ. ರಾಯರು ಕೈಯೆತ್ತಿ ತಡೆದು, ಆ ಎರಡು ಹಾಡುಗಳನ್ನು ಮತ್ತೊಮ್ಮೆ ಹಾಕಿಸಿದರು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹೇಳಿದರು: "ಅವರು ಮಾಡಿದ್ದು ಸರಿಯಾಗಿದೆಯಪ್ಪ. ಆ ಚರಣಗಳಲ್ಲಿ ನಾನು ಹಾಡನ್ನು ಕೇಳಿ ನುಡಿಸಿದವನಲ್ಲ. ಕೈ ಎಲ್ಲಿ ತಪ್ಪುತ್ತದೋ ಎಂದು ಕೈಯನ್ನೇ ಕೇಳುತ್ತಿದ್ದೆ. ಅಲ್ಲಿ ಅದು ಬೇಡ."

ಉಳಿದ ಆರು ಹಾಡುಗಳಲ್ಲಿ ಹಾರ್ಮೋನಿಯಂ ಹಿಂದೆಂದೂ ಕೇಳದಷ್ಟು ನಿಚ್ಚಳವಾಗಿತ್ತೆಂಬುದನ್ನೂ ಹೇಳಬೇಕು. ಎಲ್ಲ ಕಡೆಯೂ ಇದ್ದಾಗ ಅದು ಎಲ್ಲಿಯೂ ಕೇಳುತ್ತಿರಲಿಲ್ಲ.

ಒಪ್ಪದಿದ್ದ ಸಂಗತಿಗಳೂ ಇದ್ದವು. ಶಕಾರ ಸಕಾರಗಳ ಶೀತ್ಕಾರವನ್ನು ತಗ್ಗಿಸುವ ಒಂದು ಸಾಧನವುಂಟು. ಮೈಕಿನ ಹತ್ತಿರ ಹಾಡಿದಾಗ ಅದು ಬೇಕೇ ಬೇಕು. ಆದರೆ ಸಕಾರವನ್ನು ಸಕಾರವಾಗಿಸುವ ಸದ್ದು 5,000 ಕಂಪನಗಳಿಗೂ ಮೇಲಿನದು; ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಮೇಲಿನದನ್ನು ಹೆಚ್ಚಾಗಿ ಒತ್ತಿದ್ದರಿಂದ 'ಸಂಜೆ' ಎಂಬುದು 'ಶಂಜೆ' ಎಂಬಂತೆ ಕೇಳುತ್ತಿತ್ತು. ನಿಮಿಷ, ಸೆಕೆಂಡುಗಳ ಸಮೇತ ಹನ್ನೊಂದು ಜಾಗಗಳ ಪಟ್ಟಿ ಮಾಡಿ ಕಳಿಸಿದೆ. ಅವರು ಒಂದು ಮಾತೂ ಆಡದೆ ತಿದ್ದಿದರು. "ಮಾತು ಸ್ಪಷ್ಟವಿಲ್ಲ" ಎಂದಷ್ಟೇ ಬರೆದಿದ್ದರೆ ಇಡೀ ದನಿಯನ್ನು ಏರಿಸಿಬಿಡುತ್ತಿದ್ದರೋ ಏನೋ. ತಜ್ಞರೊಡನೆ ವ್ಯವಹರಿಸುವಾಗ ಇದು ನೆನಪಿರಬೇಕು. ಆರು ಮಂದಿ ಆರು ಫೋನು ಮಾಡಬಾರದು, ಒಬ್ಬರೇ ಬರೆಯಬೇಕು. ಯಾವ ಗುಂಡಿ ತಿರುಗಿಸಬೇಕೆಂದು ಹೇಳಬಾರದು, ಯಾವ ಜಾಗದಲ್ಲಿ ಕಿವಿಗೆ ಏನಾಗುತ್ತಿದೆಯೆಂದು ಹೇಳಬೇಕು.

ಏಳನೆಯ ಹಾಡಿನದು ಇನ್ನೊಂದು ಕಥೆ. ತಾಯಿಯನ್ನು ನೆನೆಯುವ ಹಾಡದು. ಮೇಲಿನ ಷಡ್ಜಕ್ಕೆ ಏರುವಲ್ಲಿ ಅಧ್ಯಾಪಿಕೆಯವರ ದನಿ ಕೂದಲೆಳೆಯಷ್ಟು ಕೆಳಗೇ ಉಳಿದು, ತುಸು ಬಿರಿದಿತ್ತು. ತಜ್ಞರು ಅದನ್ನು ಶ್ರುತಿಗೆ ಎಳೆದು ಕೂರಿಸಿದ್ದರು. ಈ ಉಪಾಯವನ್ನು 1997ರಲ್ಲಿ ಮಾರುಕಟ್ಟೆಗೆ ತಂದ ಆಂಡಿ ಹಿಲ್ಡಬ್ರಾಂಡ್ ಮೊದಲು ಭೂಮಿಯೊಳಗಿನ ಎಣ್ಣೆಯನ್ನು ಸದ್ದಿನ ಅಲೆಗಳಿಂದ ಹುಡುಕುವ ಗಣಿತದಲ್ಲಿ ಕೆಲಸ ಮಾಡಿದವನು. ಈಗ ಆ ಗಣಿತ ಲೋಕದ ಕಂಠಗಳನ್ನೆಲ್ಲ ತಿದ್ದುತ್ತಿದೆ. ತಿದ್ದಿದ ಹಾಡು ನಿರ್ದುಷ್ಟವಾಗಿತ್ತು, ಕೇಳಿದ ನಾವೆಲ್ಲ ತಲೆದೂಗಿದೆವು. ಅಧ್ಯಾಪಿಕೆಯವರು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ಇದು ನಾನು ಹಾಡಿದ್ದಲ್ಲ. ಅವತ್ತು ಅಮ್ಮ ಹೋಗಿ ಹದಿನೆಂಟನೆಯ ದಿವಸ. ಅಲ್ಲಿ ನನ್ನ ಗಂಟಲು ಏಳಲೇ ಇಲ್ಲ. ಅದು ಹಾಗೇ ಇರಲಿ ಎಂದು ಬರೆಯುತ್ತೀರಾ?" ಎಂದರು. ಬರೆದೆ. ಮರುದಿನವೇ ಹಳೆಯ ಸ್ವರ ಮರಳಿ ಬಂತು. ಕೆಳಗೆ ಒಂದು ಸಾಲು: "ನಾನೂ ಅದನ್ನು ಬಿಡಬೇಕೆಂದಿದ್ದೆ, ಕೇಳಿದರೆ ತಪ್ಪೆಂದುಕೊಳ್ಳುತ್ತೀರೆಂದು ತಿದ್ದಿದೆ."

ಮಾಸ್ಟರಿಂಗ್ ಹೆಚ್ಚು ಸದ್ದಿಲ್ಲದೆ ಮುಗಿಯಿತು. ಯಂತ್ರವೇ ಕೆಲವು ನಿಮಿಷಗಳಲ್ಲಿ ಮಾಸ್ಟರಿಂಗ್ ಮಾಡಿಕೊಡುವ ಅಗ್ಗದ ಸೇವೆಗಳೂ ಈಗ ಅಂತರಜಾಲದಲ್ಲಿವೆ, ತರುಣರು ಒಂದು ಹಾಡನ್ನು ಅದಕ್ಕೂ ಒಪ್ಪಿಸಿ ನೋಡಿದ್ದರು. ಕೆಟ್ಟದಾಗೇನೂ ಇರಲಿಲ್ಲ. ಆದರೆ ಆರನೆಯ ಹಾಡಿಗೂ ಏಳನೆಯದಕ್ಕೂ ನಡುವೆ ಮಿಕ್ಕವಕ್ಕಿಂತ ಎರಡು ಸೆಕೆಂಡು ಹೆಚ್ಚು ಮೌನವಿರಲೆಂದು ಆ ಎರಡನೆಯ ತಜ್ಞರಿಗೆ ತೋರಿತು. ಏಕೆಂದು ನಾವಾರೂ ಅವರಿಗೆ ಹೇಳಿರಲಿಲ್ಲ. ಬಂದದ್ದನ್ನು ಕಾರಿನಲ್ಲಿ, ಅಂಗಡಿಯ ಹಳೆಯ ರೇಡಿಯೋ ಪೆಟ್ಟಿಗೆಯಲ್ಲಿ, ಫೋನಿನಲ್ಲಿ, ರಾಯರ ಕಿವಿಯ ಯಂತ್ರದಲ್ಲಿ ಎಲ್ಲ ಕೇಳಿ ನೋಡಿ ಒಪ್ಪಿಗೆ ಬರೆದೆವು. ದನಿಯಿಲ್ಲದ ವಾದ್ಯಗಳ ಪ್ರತಿಯೊಂದನ್ನೂ ಕೇಳಿ ಪಡೆದುಕೊಂಡೆವು. ಶಾಲೆಯ ಮಕ್ಕಳಿಗೆ ಕಲಿಸಲು ಅದು ಉಪಯೋಗಕ್ಕೆ ಬರುತ್ತದೆ. ಹಸಿ ಪಟ್ಟಿಗಳನ್ನು ಎರಡು ಕಡೆ ಕಾಪಿಟ್ಟಿದ್ದೇವೆ, ಬಿಟ್ಟುಹೋದ ಹಾರ್ಮೋನಿಯಂ ಸಮೇತ.

ನಾಲ್ಕನೆಯ ಹಾಡಿನ ಪಲ್ಲವಿ ಎರಡನೆಯ ಸಲ ಮುಗಿಯುವಲ್ಲಿ ಕಿವಿಗೊಟ್ಟು ಕೇಳಿದರೆ, ಬಹು ದೂರದಲ್ಲಿ ಎಂಬಂತೆ, ಕೆಳಗಿನ ಅಡುಗೆಮನೆಯ ಕುಕ್ಕರಿನ ಸಿಳ್ಳು ಕೇಳುತ್ತದೆ. ತೆಗೆಯಬಹುದೇ ಎಂದು ಕೇಳಿದ್ದೆವು. ತೆಗೆಯಬಹುದು, ಆದರೆ ಅದರೊಂದಿಗೆ ಪಲ್ಲವಿಯ ಕೊನೆಯ ಅಕ್ಷರವೂ ಸ್ವಲ್ಪ ಹೋಗುತ್ತದೆ ಎಂದರು. ಸಿಳ್ಳನ್ನು ಉಳಿಸಿಕೊಂಡೆವು.